ಪೀಟ್ ಬೆಂಕಿಯಲ್ಲಿ ಸುಟ್ಟ ಪೀಪಾಯಿಯ ಐರಿಷ್ ವಿಸ್ಕಿ: ಹೊಗೆ ಇರುತ್ತಾ, ಇಲ್ವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮಣ್ಣ ಐರ್ಲೆಂಡಿನಿಂದ ಬೆಂಗಳೂರಿಗೆ ಬರುತ್ತಿದ್ದಾರೆ. ಅಲ್ಲಿನ ವೆಸ್ಟ್ ಕಾರ್ಕ್ ಡಿಸ್ಟಿಲರ್ಸ್ ಕಂಪನಿಯ ಗ್ಲೆಂಗಾರಿಫ್ ಸರಣಿಯ ‘ಪೀಟ್ ಚಾರ್ಡ್ ಕ್ಯಾಸ್ಕ್’ ಸಿಂಗಲ್ ಮಾಲ್ಟ್ ವಿಸ್ಕಿ ತರಲಾ ಅಂತ ಕೇಳಿದ್ದಾರೆ (ಪೀಟ್ ಅಂದರೆ ಜೌಗು ನೆಲದಿಂದ ಕೊಯ್ದು ಒಣಗಿಸಿ ಉರಿಸುವ, ಮಣ್ಣಿನಂಥ ಇಂಧನ). ನಿಮಗೆ ಸ್ಕಾಟ್‌ಲೆಂಡಿನ ಹೊಗೆ ವಾಸನೆಯ ವಿಸ್ಕಿ ಲಾಫ್ರೋಯ್ಗ್ ಅಂದರೆ ಪ್ರಾಣ. ಇದೂ ಹಾಗೇ ಹೊಗೆ ಹೊಗೆಯಾಗಿ ಇರುತ್ತದಾ, ತರಿಸಬಹುದಾ?

ಇಲ್ಲ, ಹಾಗಿರುವುದಿಲ್ಲ. ಲಾಫ್ರೋಯ್ಗ್ ಮನಸ್ಸಲ್ಲಿಟ್ಟುಕೊಂಡು ಮುಚ್ಚಳ ತೆಗೆದರೆ ಬೇಜಾರಾಗುತ್ತದೆ, ನನಗೂ ಆಗಿತ್ತು. ಆದರೂ ತರಿಸಿ ಅಂತಲೇ ಹೇಳುತ್ತೇನೆ. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು, ಪುರುಸೊತ್ತಿದ್ದರೆ ಓದಿ.

ನಾನಿರುವುದು ಐರ್ಲೆಂಡಿನ ಕಾರ್ಕ್ ನಗರದಲ್ಲಿ. ವಿಸ್ಕಿ ಪಂಡಿತ ಅಲ್ಲ. ಮನೆಯಲ್ಲಿ ಆರೇಳು ಬಾಟಲಿ ಇವೆ, ಶುಕ್ರವಾರ ಸಂಜೆ ಒಂದೋ ಎರಡೋ ಪೆಗ್, ಅಷ್ಟೇ ನನ್ನ ಅರ್ಹತೆ. ಈ ಬಾಟಲಿ ಕೊಂಡದ್ದು ನೀವು ಮಾಡಲು ಹೊರಟಿರುವ ಅದೇ ತಪ್ಪಿನಿಂದ. ಲೇಬಲ್ ಮೇಲೆ ಪೀಟ್ ಅಂತ ಇತ್ತು, ತಗೊಂಡೆ. ಯಾವುದಕ್ಕೆ ಪೀಟ್ ಹೊಗೆ ಕೊಟ್ಟಿದ್ದಾರೆ ಅಂತ ಯೋಚಿಸಲೇ ಇಲ್ಲ.

ವಿಷಯ ಇರುವುದೇ ಅಲ್ಲಿ. ನಾವು ರಾಗಿ ಮಾಲ್ಟ್ ಅಂತೀವಲ್ಲ, ವಿಸ್ಕಿಯ ಮಾಲ್ಟ್ ಕೂಡ ಅದೇ ಕೆಲಸ, ಕಾಳು ಮಾತ್ರ ಬಾರ್ಲಿ. ನೆನೆಸಿ, ಮೊಳಕೆ ಬರಿಸಿ, ಮೊಳಕೆ ಜಾಸ್ತಿ ಬೆಳೆಯುವ ಮೊದಲೇ ಬಿಸಿ ಕೊಟ್ಟು ಒಣಗಿಸುತ್ತಾರೆ. ಲಾಫ್ರೋಯ್ಗ್, ಆರ್ಡ್‌ಬೆಗ್ ತರಹದವರ ಮಾಲ್ಟನ್ನು ಒಣಗಿಸುವಾಗ ಕೆಳಗೆ ಪೀಟ್ ಉರಿಸುತ್ತಾರೆ. ಆ ಹೊಗೆ ಇನ್ನೂ ಹಸಿ ಇರುವ ಕಾಳಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಅರೆದು, ಹುಳಿ ಬರಿಸಿ, ಭಟ್ಟಿ ಇಳಿಸಿ, ವರ್ಷಗಟ್ಟಲೆ ಮರದಲ್ಲಿ ಕೂಡಿಟ್ಟರೂ ಹೋಗುವುದಿಲ್ಲ. ಒಣಗಿದ ಮಾಲ್ಟಿನಲ್ಲಿ ಫೀನಾಲ್‌ಗಳು, ಅಂದರೆ ಹೊಗೆ ವಾಸನೆ ಕೊಡುವ ರಾಸಾಯನಿಕಗಳು, ಎಷ್ಟಿವೆ ಅಂತ ಅಳೆಯುವ ಲೆಕ್ಕವೂ ಇದೆ. ಲಾಫ್ರೋಯ್ಗ್‌ಗೆ ಹತ್ತು ಲಕ್ಷಕ್ಕೆ ಸುಮಾರು 40–45 ಪಾಲು, ಆರ್ಡ್‌ಬೆಗ್‌ಗೆ 55ರ ಆಸುಪಾಸು. ಆಸ್ಪತ್ರೆ, ಟಿಂಚರ್, ಸುಟ್ಟ ಹಗ್ಗ ಅಂತ ಜನ ಹೇಳುವ ವಾಸನೆಯೆಲ್ಲ ಅಲ್ಲಿಂದಲೇ ಬರುತ್ತದೆ.

ಗ್ಲೆಂಗಾರಿಫ್ ಬಾಟಲಿಯಲ್ಲಿ ಕಾಳಿಗೆ ಹೊಗೆ ಸೋಕಿಲ್ಲ. ಮಾಮೂಲಿ ಐರಿಷ್ ಸಿಂಗಲ್ ಮಾಲ್ಟ್ ಮಾಡಿ, ಪೀಪಾಯಿಯಲ್ಲಿ ಮಾಗಿಸಿ, ಕೊನೆಯ ಕೆಲವು ತಿಂಗಳು ಮಾತ್ರ ಇನ್ನೊಂದು ಪೀಪಾಯಿಗೆ ವರ್ಗಾಯಿಸುತ್ತಾರೆ. ಆ ಎರಡನೇ ಪೀಪಾಯಿಯ ಒಳಮೈಯನ್ನು ಪೀಟ್ ಬೆಂಕಿಯಲ್ಲಿ ಕರಕಲಾಗಿಸಿರುತ್ತಾರೆ. ಅಂದರೆ ಹೊಗೆ ಇರುವುದು ಪಾತ್ರೆಯಲ್ಲಿ, ಪದಾರ್ಥದಲ್ಲಿ ಅಲ್ಲ.

ಕೊಡಗಿನ ಕಡೆ ಒಲೆ ಮೇಲೆ ಮಾಂಸ ತೂಗುಹಾಕಿ ಒಣಗಿಸುತ್ತಾರಲ್ಲ, ಲಾಫ್ರೋಯ್ಗ್ ಹಾಗೆ. ಎಷ್ಟು ತೊಳೆದು ಬೇಯಿಸಿದರೂ ಹೊಗೆ ಎಳೆ ಎಳೆಯಲ್ಲಿ ಇರುತ್ತದೆ. ಇದು ಬಚ್ಚಲೊಲೆಯ ಹಂಡೆ ನೀರಿನ ಹಾಗೆ. ಸೌದೆ ಉರಿಯುವುದು ಹಂಡೆಯ ಕೆಳಗೆ, ನೀರಿಗೂ ಬೆಂಕಿಗೂ ಮುಖಾಮುಖಿಯೇ ಇಲ್ಲ, ಆದರೂ ಚೊಂಬಲ್ಲಿ ಮೊಗೆದು ತಲೆಗೆ ಸುರಿದುಕೊಂಡಾಗ ನೀರಿನಿಂದಲೇ ಬಂದ ಹಾಗೆ ಸಣ್ಣಗೆ ಒಂದು ಹೊಗೆ ವಾಸನೆ ಮೂಗಿಗೆ ಬರುತ್ತದೆ. ಗೀಸರ್ ಕಾಲದವರಿಗೆ ಇದು ಗೊತ್ತಾಗುವುದಿಲ್ಲ, ಅಜ್ಜಿ ಮನೆಯಲ್ಲಿ ಸ್ನಾನ ಮಾಡಿದವರಿಗೆ ಗೊತ್ತು.

ಪೀಟ್ ಬಗ್ಗೆಯೂ ಎರಡು ಮಾತು ಹೇಳಬೇಕು, ಯಾಕೆಂದರೆ ನಮ್ಮ ಕಡೆ ಬಹಳ ಜನ ಅದೊಂದು ಸ್ಕಾಟ್‌ಲೆಂಡಿನ ವಿಸ್ಕಿ ಮಸಾಲೆ ಅಂದುಕೊಂಡಿದ್ದಾರೆ. ಜೌಗು ನೆಲದಲ್ಲಿ ಪಾಚಿ, ಹುಲ್ಲು, ಗಿಡಗಂಟಿ ಸತ್ತು, ನೀರಲ್ಲಿ ಮುಳುಗಿ, ಗಾಳಿ ಸಿಗದೆ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತದ್ದು ಪೀಟ್. ವರ್ಷಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ಬೆಳೆಯುತ್ತದೆ, ಹಾಗಾಗಿ ಒಂದಾಳು ಎತ್ತರದ ಪದರಕ್ಕೆ ಸಾವಿರಾರು ವರ್ಷ. ಇಲ್ಲಿನವರು ಅದನ್ನು ಟರ್ಫ್ ಅನ್ನುತ್ತಾರೆ. ಇಟ್ಟಿಗೆ ತರಹ ಕೊಯ್ದು, ಬಿಸಿಲಲ್ಲಿ (ಇಲ್ಲಿಯದನ್ನು ಬಿಸಿಲು ಅನ್ನಬಹುದಾದರೆ) ಒಣಗಿಸಿ, ಮನೆ ಬೆಂಕಿಗೆ ಹಾಕುತ್ತಿದ್ದರು. ಚಳಿಗಾಲದಲ್ಲಿ ಕೆಲವು ಹಳ್ಳಿ ಪಬ್ಬುಗಳ ಬಾಗಿಲು ತೆರೆದ ತಕ್ಷಣ ಇವತ್ತಿಗೂ ಆ ವಾಸನೆ ಬರುತ್ತದೆ, ನಮ್ಮ ಬೆರಣಿ ಹೊಗೆಯ ದೂರದ ನೆಂಟನ ಹಾಗೆ. ಈಗ ಅದೂ ಕಮ್ಮಿಯಾಗುತ್ತಿದೆ. ಜೌಗು ಪ್ರದೇಶ ಇಂಗಾಲ ಹಿಡಿದಿಡುತ್ತದೆ ಅನ್ನುವ ಕಾರಣಕ್ಕೆ ಸರ್ಕಾರಿ ಕಂಪನಿ ಬೋರ್ಡ್ ನಾ ಮೋನಾ ಪೀಟ್ ತೆಗೆಯುವುದನ್ನು ನಿಲ್ಲಿಸಿರುವುದಾಗಿ 2021ರಲ್ಲಿ ಘೋಷಿಸಿತು.

ಗ್ಲೆಂಗಾರಿಫ್ ಒಂದು ಊರು, ಬ್ಯಾಂಟ್ರಿ ಕೊಲ್ಲಿಯ ತುದಿಯಲ್ಲಿದೆ, ನಾನಿರುವಲ್ಲಿಂದ 100 ಕಿಲೋಮೀಟರ್ ಆಸುಪಾಸು. ಹಳೆಯ ಓಕ್ ಕಾಡು, ಸದಾ ಒದ್ದೆ, ಬಂಡೆಗಳ ಮೇಲೆಲ್ಲ ಪಾಚಿ. ಮೊದಲ ಸಲ ಹೋದಾಗ ಆಗುಂಬೆ ನೆನಪಾಗಿತ್ತು, ಚಳಿ ಮಾತ್ರ ಜಾಸ್ತಿ. ಪೀಪಾಯಿ ಸುಡುವ ಪೀಟ್ ಆ ಕಡೆಯದು ಅಂತ ಕಂಪನಿ ಹೇಳುತ್ತದೆ. ವೆಸ್ಟ್ ಕಾರ್ಕ್ ಡಿಸ್ಟಿಲರ್ಸ್ 2003ರಲ್ಲಿ ಶುರುವಾದದ್ದು, ಈಗ ಸ್ಕಿಬರೀನ್ ಊರಲ್ಲಿದೆ. ಇದೇ ಸರಣಿಯಲ್ಲಿ ಬಾಗ್ ಓಕ್ ಅಂತ ಇನ್ನೊಂದಿದೆ. ಜೌಗಿನಲ್ಲಿ ಹೂತು ಸಾವಿರಾರು ವರ್ಷ ಕೊಳೆಯದೆ ಕಪ್ಪಾಗಿ ಉಳಿದ ಓಕ್ ಮರ ಉರಿಸಿ ಅದರ ಪೀಪಾಯಿ ಸುಡುತ್ತಾರೆ. ಅಣ್ಣ ಅಂಗಡಿಯಲ್ಲಿ ಗಡಿಬಿಡಿ ಮಾಡಿದರೆ ಅದನ್ನೇ ತಂದಾರು, ಮೊದಲೇ ಹೇಳಿಡಿ.

ಈಗ ರುಚಿ. ಮೊದಲ ದಿನ ನಾನು ಮಾಡಿದ್ದನ್ನು ಮಾಡಬೇಡಿ. ಬಿಸಿಬೇಳೆಬಾತ್, ಜೊತೆಗೆ ಮಿಡಿ ಉಪ್ಪಿನಕಾಯಿ, ಹೊಟ್ಟೆ ತುಂಬ ಊಟ. ಆಮೇಲೆ ದೊಡ್ಡ ಗ್ಲಾಸಿಗೆ ಸುರಿದು, ಐಸ್ ಹಾಕಿ, ಹೊಗೆ ಎಲ್ಲಿ ಎಲ್ಲಿ ಅಂತ ಹುಡುಕುತ್ತ ಕೂತೆ. ಇಂಗು, ಖಾರ ತಿಂದ ನಾಲಿಗೆಗೆ ಏನು ಸಿಗುತ್ತದೆ? ಸಿಹಿ, ಸ್ವಲ್ಪ ಉರಿ, ಮುಗಿಯಿತು. ಸುಮ್ನೆ ದುಡ್ಡು ದಂಡ ಅಂತ ಬೈದುಕೊಂಡು ಮಲಗಿದೆ.

ಬೆಳಿಗ್ಗೆ ಕಾಫಿಗೆ ಅಂತ ಅಡುಗೆಮನೆಗೆ ಬಂದರೆ ತೊಳೆಯದ ಗ್ಲಾಸ್ ಕಟ್ಟೆ ಮೇಲೇ ಇತ್ತು. ಸಿಂಕಿಗೆ ಹಾಕುವ ಮೊದಲು ಯಾಕೋ ಮೂಸಿದೆ. ಅಲ್ಲಿತ್ತು ಹೊಗೆ! ತೆಳ್ಳಗಲ್ಲ, ಚೆನ್ನಾಗಿಯೇ. ರಾತ್ರಿ ಆರಿದ ಒಲೆಯ ಬೂದಿಯನ್ನು ಬೆಳಿಗ್ಗೆ ಕೆದಕಿದರೆ ಬರುತ್ತದಲ್ಲ, ಅದೇ. ಆಮೇಲೆ ಗೊತ್ತಾದ ಕಾರಣ ಸರಳ. ಆಲ್ಕೋಹಾಲ್ ಬೇಗ ಹಾರಿಹೋಗುತ್ತದೆ, ಹೊಗೆಯ ಫೀನಾಲ್‌ಗಳು ಭಾರ, ಗಾಜಿಗೆ ಅಂಟಿಕೊಂಡು ಉಳಿಯುತ್ತವೆ. ಆ ದಿನ ಕಾಫಿ ಆರಿಹೋಗುವವರೆಗೂ ಖಾಲಿ ಗ್ಲಾಸ್ ಮೂಸುತ್ತಾ ನಿಂತಿದ್ದೆ, ಹೆಂಡತಿ ನೋಡಿ ಏನೂ ಕೇಳದೆ ಹೋದಳು.

ಮುಂದಿನ ಶುಕ್ರವಾರ ಊಟಕ್ಕೆ ಮುಂಚೆ ಕೂತೆ. ಬಾಯಿ ಕಿರಿದಾದ ಟ್ಯುಲಿಪ್ ಆಕಾರದ ಗ್ಲಾಸ್, 30 ಎಂಎಲ್, ಐಸ್ ಇಲ್ಲ. ಹತ್ತು ನಿಮಿಷ ಸುಮ್ಮನೆ ಬಿಟ್ಟೆ. ಮೂಗಿಗೆ ಮೊದಲು ಬಂದದ್ದು ಸೇಬು, ಜೇನು, ವೆನಿಲಾ. ಹೊಗೆ ಇಲ್ಲವೇ ಇಲ್ಲ. ಬಾಯಲ್ಲಿ ಚಹಾದಲ್ಲಿ ಅದ್ದಿದ ಮಾರಿ ಬಿಸ್ಕತ್ತು, ಸುಟ್ಟ ಸಕ್ಕರೆ, ಆಮೇಲೆ ಕಾಳುಮೆಣಸಿನ ಚುರುಕು. ನುಂಗಿದ ಮೇಲೆ ಸ್ವಲ್ಪ ಹೊತ್ತಿಗೆ ನಾಲಿಗೆಯ ಹಿಂಬದಿ ಒಣಗಿದ ಹಾಗಾಗಿ, ಬೂದಿ, ಇದ್ದಿಲು, ಹಂಡೆ ನೀರು. ನಾಲ್ಕೈದು ಹನಿ ನೀರು ಹಾಕಿದಾಗ ಸಿಹಿ ಹಿಂದೆ ಸರಿದು ಈ ಭಾಗ ಇನ್ನೂ ಸ್ಪಷ್ಟವಾಯಿತು. ಜಾಸ್ತಿ ನೀರು ಬೇಡ, ಇದು 43% ಅಷ್ಟೇ, ಬೇಗ ತೆಳುವಾಗಿಬಿಡುತ್ತದೆ. ಸೋಡಾ ಹಾಕಿದರಂತೂ ಕಥೆ ಮುಗಿಯಿತು.

ಇದರಲ್ಲಿ ಎಷ್ಟು ಪೀಟ್‌ನದು, ಎಷ್ಟು ಬರೀ ಸುಟ್ಟ ಮರದ್ದು ಅಂತ ಕೇಳಿದರೆ ನಾಲಿಗೆಯಿಂದ ಬೇರೆ ಮಾಡುವುದು ಕಷ್ಟ. ಓಕ್ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ಪದಾರ್ಥ ಬೆಂಕಿಗೆ ಒಡೆದಾಗ ವೆನಿಲಾ ಪರಿಮಳದ ವೆನಿಲಿನ್ ಬರುತ್ತದೆ, ಜೊತೆಗೆ ಹೊಗೆ ವಾಸನೆಯ ಗ್ವಾಯಾಕಾಲ್ ಕೂಡ ಬರುತ್ತದೆ. ಯಾವ ಕರಕಲು ಪೀಪಾಯಿಯಲ್ಲೂ ಅಷ್ಟಿಷ್ಟು ಹೊಗೆ ಇದ್ದೇ ಇರುತ್ತದೆ. ಹಾಗಾಗಿ ‘ಪೀಟ್’ ಅನ್ನುವ ಪದವನ್ನು ಲೇಬಲ್ ಮೇಲೆ ಅಷ್ಟು ದಪ್ಪಕ್ಕೆ ಬರೆದದ್ದು ಸ್ವಲ್ಪ ಜಾಸ್ತಿಯಾಯಿತು ಅಂತ ನನಗೆ ಈಗಲೂ ಅನಿಸುತ್ತದೆ. ವಿಸ್ಕಿ ಕೆಟ್ಟದ್ದಲ್ಲ, ನಿರೀಕ್ಷೆ ಕೆಡಿಸುತ್ತದೆ ಅಷ್ಟೇ.

ನಿಮಗೆ ಬೇಕಾಗಿರುವುದು ನಿಜವಾದ ಹೊಗೆಯೇ, ಅದೂ ಐರಿಷ್ ಆಗಿರಬೇಕು ಅಂದರೆ ಅಣ್ಣನಿಗೆ ಕನ್ನೆಮಾರಾ ಅಂತ ಹೇಳಿ. ಕೂಲಿ ಡಿಸ್ಟಿಲರಿಯದು, ಮಾಲ್ಟಿಗೇ ಪೀಟ್ ಹೊಗೆ ಕೊಟ್ಟದ್ದು, ಫೀನಾಲ್ ಲೆಕ್ಕ ಲಾಫ್ರೋಯ್ಗ್‌ನ ಅರ್ಧದಷ್ಟು. ಬೆಂಗಳೂರಲ್ಲೇ ಇದ್ದುಕೊಂಡು ಹೊಗೆಗಾಗಿ ಐರ್ಲೆಂಡ್ ಕಡೆ ನೋಡುವುದೂ ಸ್ವಲ್ಪ ತಮಾಷೆ ಬಿಡಿ. ಮೈಸೂರು ರಸ್ತೆಯಲ್ಲಿ ಅಮೃತ್ ಡಿಸ್ಟಿಲರಿ ಇದೆ. ಅವರ ಪೀಟೆಡ್ ಕುಡಿದು ನೋಡಿ, ಇಲ್ಲವೇ 2009ರಲ್ಲಿ ಬಂದ ಫ್ಯೂಷನ್, ಅದರಲ್ಲಿ ನಮ್ಮ ದೇಶದ ಬಾರ್ಲಿ ಜೊತೆ ಸ್ಕಾಟ್‌ಲೆಂಡಿನ ಪೀಟ್ ಹೊಗೆಯ ಬಾರ್ಲಿ ಸೇರಿದೆ. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಶೇ. 10ಕ್ಕೂ ಮಿಕ್ಕಿ ಆವಿಯಾಗಿ ಹೋಗುತ್ತದೆ, ಇಲ್ಲಿ ಐರ್ಲೆಂಡಲ್ಲಿ ಶೇ. 2ರ ಆಸುಪಾಸು. ಅಲ್ಲಿ ವಿಸ್ಕಿ ಬೇಗ ಮಾಗುವುದೂ, ಮರದ ರುಚಿ ಗಟ್ಟಿಯಾಗಿ ಹಿಡಿಯುವುದೂ ಆ ಸೆಕೆಯಿಂದಲೇ.

ನನ್ನ ಸಲಹೆ, ಎರಡೂ ಇಟ್ಟುಕೊಳ್ಳಿ. ಒಂದೇ ಸಂಜೆ ಮೊದಲು ಗ್ಲೆಂಗಾರಿಫ್, ಆಮೇಲೆ ಅಮೃತ್ ಪೀಟೆಡ್. ಉಲ್ಟಾ ಮಾಡಿದರೆ ಗ್ಲೆಂಗಾರಿಫ್ ನೀರಿನ ಹಾಗೆ ಅನಿಸುತ್ತದೆ. ಗ್ಲಾಸ್ ಮಾತ್ರ ರಾತ್ರಿ ತೊಳೆಯಬೇಡಿ.

ಒಬ್ಬರು 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು, ಹಾಗಾಗಿ ಅಣ್ಣನ ಬ್ಯಾಗಲ್ಲಿ ಎರಡು ಬಾಟಲಿಗೆ ಜಾಗವಿದೆ. ಅವರು ಊರಿನ ಅಂಗಡಿಯಲ್ಲಿ ಕೊಳ್ಳುವುದಾದರೆ ಒಂದು ಮಾತು ಹೇಳಿ, ಭಾನುವಾರ ಇಲ್ಲಿ ಮಧ್ಯಾಹ್ನ 12:30ರವರೆಗೆ ಮದ್ಯ ಮಾರುವುದಿಲ್ಲ. ನಾನು ಒಂದು ಸಲ 11 ಗಂಟೆಗೇ ಹೋಗಿ, ಕಪಾಟಿಗೆ ಅಡ್ಡ ಎಳೆದಿದ್ದ ಪರದೆ ನೋಡಿಕೊಂಡು ಒಂದೂವರೆ ಗಂಟೆ ನಿಂತಿದ್ದೇನೆ.