ಮೂರು ತಿಂಗಳ ಬೂಟ್‌ಕ್ಯಾಂಪ್ (ಕೋಡಿಂಗ್‌ನ ತೀವ್ರ ತರಬೇತಿ) ಸೇರಿದರೆ ವೆಬ್ ಮತ್ತು ಮೊಬೈಲ್ ಆ್ಯಪ್ ಮಾಡುವುದನ್ನು ನಿಜವಾಗಿ ಕಲಿಯಬಹುದೇ?

ಕಲಿಯಬಹುದು, ಆದರೆ ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಮೊದಲು ಜಾವಾಸ್ಕ್ರಿಪ್ಟ್ ಕೈಗೆ ಹತ್ತಲಿ. 1995ರಲ್ಲಿ ಬ್ರೌಸರ್‌ಗಾಗಿ ಹುಟ್ಟಿದ ಈ ಪ್ರೋಗ್ರಾಮಿಂಗ್ ಭಾಷೆ ಇಂದು ನೋಡ್ (Node.js) ಎಂಬ ತಂತ್ರಾಂಶದ ಮೂಲಕ ಸರ್ವರ್‌ನಲ್ಲೂ, 2015ರಲ್ಲಿ ಬಂದ ರಿಯಾಕ್ಟ್ ನೇಟಿವ್ ಎಂಬ ಆ್ಯಪ್ ಕಟ್ಟುವ ಸಾಧನದ ಮೂಲಕ ಫೋನ್‌ನಲ್ಲೂ ಓಡುತ್ತದೆ. ಹಾಗಾಗಿ ವೆಬ್‌ಗೆ ಪಟ್ಟ ಶ್ರಮ ಮೊಬೈಲ್‌ಗೂ ದಕ್ಕುತ್ತದೆ. ಅಂಥದ್ದೇ ಇನ್ನೊಂದು ಸಾಧನ ಫ್ಲಟರ್ ಕೂಡ ಚೆನ್ನಾಗಿದೆ, ಆದರೆ ಅದಕ್ಕೆ ಡಾರ್ಟ್ ಎಂಬ ಬೇರೆ ಭಾಷೆ ಕಲಿಯಬೇಕು.

ತರಗತಿಯಲ್ಲಿ ಕೂತಾಗ ಎಲ್ಲವೂ ಅರ್ಥವಾದಂತೆಯೇ ಅನಿಸುತ್ತದೆ. ರಾತ್ರಿ ಒಬ್ಬರೇ ಕೂತು ಒಂದು ಲಾಗಿನ್ ಫಾರ್ಮ್ ಬರೆದು ನೋಡಿ. ಬಟನ್ ಒತ್ತಿದ ಕೂಡಲೇ ಪುಟ ರಿಲೋಡ್ ಆಗಿ, ತುಂಬಿದ್ದೆಲ್ಲ ಮಾಯ! ಫಾರ್ಮ್‌ನ ಸಹಜ ವರ್ತನೆಯೇ ಅದು. ಪ್ರಿವೆಂಟ್‌ಡೀಫಾಲ್ಟ್ (preventDefault) ಎಂಬ ಜಾವಾಸ್ಕ್ರಿಪ್ಟ್ ಆಜ್ಞೆ ಕರೆದು ತಡೆಯಬೇಕು. ಇದೊಂದಕ್ಕೆ ನಾನು ಎರಡು ಗಂಟೆ ತಲೆ ಕೆಡಿಸಿಕೊಂಡಿದ್ದೆ, ಆಮೇಲೆ ಎಂದೂ ಮರೆತಿಲ್ಲ. ಇಂಥ ಗಂಟೆಗಳು ದಿನವೂ ಬೇಕು. ಅದಕ್ಕೆ ಬಿಡುವಿಲ್ಲದಿದ್ದರೆ ಸದ್ಯಕ್ಕೆ ಸೇರಬೇಡಿ.

ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ (Git) ಅನ್ನು ಮೊದಲ ದಿನದಿಂದಲೇ ಬಳಸಿ.

ದುಡ್ಡು ಕಟ್ಟುವ ಮುನ್ನ ಒಂದು ಮಾತು ಕೇಳಿಬಿಡಿ: ನಾನು ಬರೆದ ಕೋಡನ್ನು ಯಾರಾದರೂ ಸಾಲು ಸಾಲಾಗಿ ಓದಿ ತಿದ್ದುತ್ತಾರಾ? ಇಲ್ಲ ಅಂದರೆ ಅಲ್ಲಿ ಸೇರಬೇಡಿ. ಬರೀ ಪಾಠದ ವಿಡಿಯೋಗಳು ಬೇಕಾದಷ್ಟು ಉಚಿತವಾಗಿ ಸಿಗುತ್ತವೆ.