ಇಡುಕ್ಕಿ ಗೋಲ್ಡ್ ನಿಜವಾಗಿ ಒಂದು ತಳಿನಾ?

“ಕೇರಳದ ಇಡುಕ್ಕಿ ಗೋಲ್ಡ್ ಅನ್ನೋದು ನಿಜಕ್ಕೂ ಬೇರೆ ಗಾಂಜಾ ತಳಿನಾ, ಇಲ್ಲ ಸುಮ್ನೆ ಹೆಸರಾ? ಆನ್‌ಲೈನ್‌ನಲ್ಲಿ ಮಾರೋ ಬೀಜ ಅದೇನಾ?” ಅಂತ ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ನಾನು ಗಾಂಜಾ ಬೆಳೆದವನಲ್ಲ, ಸೇದಿದವನೂ ಅಲ್ಲ. ಅವರೆ, ಬದನೆ, ರಾಗಿಯ ನಾಟಿ ಬೀಜ ಕೂಡಿಡುವ ಹುಚ್ಚು ನನಗೆ. ಆ ಹುಚ್ಚಿನಲ್ಲೇ ಈ ಗಿಡದ ಬಗ್ಗೆಯೂ ಓದಿಕೊಂಡೆ.

‘ಗೋಲ್ಡ್’ ಅನ್ನುವುದು ವ್ಯಾಪಾರದ ಹೆಸರು. ಆಫ್ರಿಕಾದ ಮಲಾವಿ ಗೋಲ್ಡ್, ಮೆಕ್ಸಿಕೊದ ಅಕಾಪುಲ್ಕೊ ಗೋಲ್ಡ್ ಅನ್ನೋ ಗಾಂಜಾ ಹೆಸರುಗಳೂ ಅದೇ ಸಾಲಿನವು. ಆದರೆ ಹೆಸರಿನ ಹಿಂದೆ ಒಂದು ನಾಟಿ ಗಿಡ ಇರುವುದು ನಿಜ.

ಅದು ಅರ್ಥವಾಗೋಕೆ ನಮ್ಮ ಅವರೆಕಾಯಿ ಸಾಕು. ಸೊಗಡಿನ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೂ ಹೂ ಬಿಡುವುದಿಲ್ಲ. ಯಾವಾಗ ಬಿತ್ತಿದರೂ ಕಾಯಿ ಬರುವುದು ಚಳಿಗಾಲಕ್ಕೇ. ಗಾಂಜಾವೂ ಹಾಗೆ ಹಗಲಿನ ಉದ್ದ ನೋಡಿಕೊಂಡು ಹೂ ಬಿಡುವ ಗಿಡ. ಇಡುಕ್ಕಿ ಇರುವುದು ಸಮಭಾಜಕದಿಂದ ಸುಮಾರು 10 ಡಿಗ್ರಿ ಉತ್ತರಕ್ಕೆ. ಅಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದು ಗಂಟೆ ಚಿಲ್ಲರೆ ವ್ಯತ್ಯಾಸ ಅಷ್ಟೆ. ಹಿಮ ಬಿದ್ದು ಸಾಯುವ ಭಯವೂ ಇಲ್ಲ. ಹಾಗಾಗಿ ಗಿಡಕ್ಕೆ ಆತುರವೇ ಇಲ್ಲ. ಆಳೆತ್ತರ ಮೀರಿ ಬೆಳೆಯುತ್ತದೆ. ಎಲೆ ನೀಳವಾಗಿ, ಸಣ್ಣಗೆ ಇರುತ್ತದೆ. ಹೂವು ಮಾಗಲು ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ. ಗೊಂಚಲು ಸಡಿಲ, ಅದರಿಂದ ತೇವಕ್ಕೆ ಬೂಷ್ಟು ಹಿಡಿಯುವುದು ಕಡಿಮೆ. ಅಫ್ಘಾನಿಸ್ತಾನದ ಬೆಟ್ಟದ ಗಿಡ ಪೂರ್ತಿ ಉಲ್ಟಾ. ಗಿಡ್ಡ, ಅಗಲ ಎಲೆ, ಚಳಿ ಬೀಳುವುದರೊಳಗೆ ಎರಡು ತಿಂಗಳಲ್ಲಿ ಹೂವಿನ ಕೆಲಸ ಮುಗಿಸುತ್ತದೆ. ಈಗಿನ ಹೈಬ್ರಿಡ್‌ಗಳು ಬಹುಪಾಲು ಈ ಎರಡರ ಬೆರಕೆ.

ಇಲ್ಲೊಂದು ತಮಾಷೆ ಇದೆ. 1785ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲಾಮಾರ್ಕ್ ‘ಇಂಡಿಕಾ’, ಅಂದರೆ ಭಾರತದ್ದು, ಅಂತ ಹೆಸರಿಟ್ಟದ್ದು ಭಾರತದಿಂದ ಹೋದ ಸಣ್ಣ ಎಲೆಯ ಗಿಡಕ್ಕೆ. ಇವತ್ತು ಮಾರುವವರು ಅಫ್ಘಾನಿ ಗಿಡವನ್ನು ಇಂಡಿಕಾ ಅಂತಾರೆ, ನಮ್ಮ ಕಡೆಯದನ್ನು ಸಟೈವಾ ಅನ್ನೋ ಬೇರೆ ಹೆಸರಿಂದ ಕರೀತಾರೆ!

ಇನ್ನು ಆನ್‌ಲೈನ್ ಬೀಜ. ನಾನಂತೂ ನಂಬುವುದಿಲ್ಲ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಗಾಳಿಯಲ್ಲಿ ಮೈಲಿಗಟ್ಟಲೆ ಹೋಗುತ್ತದೆ. ಪಕ್ಕದ ಗುಡ್ಡದಲ್ಲಿ ಯಾರೋ ಹೈಬ್ರಿಡ್ ಹಾಕಿದರೆ ನಿಮ್ಮ ನಾಟಿ ಬೀಜ ಮುಂದಿನ ಬೆಳೆಗೇ ಬೆರಕೆ. ತಳಿ ಉಳಿಯಬೇಕಾದರೆ ಅದೇ ಜಾಗದಲ್ಲಿ, ಒಳ್ಳೆಯ ಗಿಡ ಆರಿಸಿ, ವರ್ಷವರ್ಷ ಬಿತ್ತುವ ಒಬ್ಬ ರೈತ ಬೇಕು. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಹಾಗೆ ರಾಜಾರೋಷವಾಗಿ ಮಾಡೋಕಾಗುತ್ತಾ? ಕದ್ದು ಬೆಳೆಯುವವನಿಗೆ ಬೇಗ ಕೊಯ್ಲಿಗೆ ಬರುವುದೇ ಬೇಕು. ತಿಂಗಳುಗಟ್ಟಲೆ ಹೂವಲ್ಲೇ ನಿಲ್ಲುವ ಗಿಡ ಯಾಕೆ ಬೇಕು, ಅಲ್ವಾ?

ಅಂದಹಾಗೆ, ಕುಂಡದಲ್ಲಿ ಒಂದು ಹಾಕಿ ನೋಡೋಣ ಅಂತ ಮನಸ್ಸಿದ್ದರೆ ಬಿಟ್ಟುಬಿಡಿ. ಗಿಡ ಬೆಳೆಸಿದರೆ 10 ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. “ನಾಟಿ ತಳಿ ಉಳಿಸ್ತಿದ್ದೆ ಸಾರ್” ಅಂದರೆ ಪೊಲೀಸರು ಕೇಳುವುದಿಲ್ಲ.