ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು: ದಾವೆ ಎಲ್ಲಿ ಹಾಕಬೇಕು?

ಪ್ರಶ್ನೆ: ನಮ್ಮ ಮಗಳಿಗೆ 8 ವರ್ಷ. ಹುಟ್ಟಿದ್ದು ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ. ಜನನ ಪ್ರಮಾಣಪತ್ರದಲ್ಲಿ ಅಜ್ಜಿಯ ಹೆಸರು ‘ಪುಟ್ಟಲಕ್ಷ್ಮಿ’ ಎಂದೇ ಬರೆಸಿದ್ದೆವು. ಆಮೇಲೆ ‘ಸಿಂಚನ’ ಎಂದು ನಾಮಕರಣವಾಯಿತು, ಶಾಲೆಗೂ ಅದೇ ಹೆಸರಲ್ಲಿ ಸೇರಿಸಿದ್ದೇವೆ. ಈಗ ಮೂಡಿಗೆರೆಯಲ್ಲಿದ್ದೇವೆ. ಇಲ್ಲಿನ ಕೋರ್ಟ್‌ನಲ್ಲೇ ಹೆಸರು ಬದಲಿಸಿಕೊಳ್ಳಬಹುದೇ?

ಉತ್ತರ: ಮೂಡಿಗೆರೆಯಲ್ಲಿ ಬೇಡ. ತಿದ್ದಬೇಕಾದ ರಿಜಿಸ್ಟರ್ ಹಾಸನದಲ್ಲಿದೆ, ಪ್ರತಿವಾದಿಯಾಗುವ ನೋಂದಣಾಧಿಕಾರಿಯೂ ಅಲ್ಲೇ ಇದ್ದಾರೆ. ದಾವೆ ಹಾಸನದ ಸಿವಿಲ್ ನ್ಯಾಯಾಲಯದಲ್ಲೇ ಹೂಡಿ. ವ್ಯಾಪ್ತಿಯಿಲ್ಲದ ಕೋರ್ಟ್‌ನಲ್ಲಿ ಹಾಕಿದ ವಾದಪತ್ರ ವಾಪಸ್ ಬರುತ್ತದೆ, ತಿಂಗಳುಗಟ್ಟಲೆ ಸಮಯ ಹಾಳು.

ಆದರೆ ನೇರ ದಾವೆಗೆ ಇಳಿಯಬೇಡಿ. ಹೆಸರಿನ ಕಾಲಂ ಖಾಲಿಯಿದ್ದವರಿಗೆ ಕೋರ್ಟ್ ಬೇಕಾಗಿಯೇ ಇಲ್ಲ: ನೋಂದಣಿಯಾದ 12 ತಿಂಗಳೊಳಗೆ ಉಚಿತವಾಗಿ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಅಕ್ಷರ ತಪ್ಪಾಗಿದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ಅಡಿ ನೋಂದಣಾಧಿಕಾರಿಯೇ ತಿದ್ದುತ್ತಾರೆ. ಕೌಂಟರ್‌ನಲ್ಲಿ ಮುಗಿಯುವ ಈ ಕೆಲಸಕ್ಕೂ ಜನ ವಕೀಲರ ಫೀಸು ಕಟ್ಟುವುದು ಬೇಸರದ ಸಂಗತಿ.

ನಿಮ್ಮದು ಇವೆರಡೂ ಅಲ್ಲ. ಬರೆಸಿದ ಹೆಸರನ್ನೇ ಪೂರ್ತಿ ಬದಲಿಸಲು ಕಾಯ್ದೆಯಲ್ಲಿ ನೇರ ಅವಕಾಶವಿಲ್ಲ. ಆದರೂ 2025ರ ಆರಂಭದಲ್ಲಿ ಕರ್ನಾಟಕ ಹೈಕೋರ್ಟ್, ಕಾನೂನು ತಿದ್ದುಪಡಿಯಾಗುವವರೆಗೆ ಪೋಷಕರ ಅಫಿಡವಿಟ್ ಪರಿಶೀಲಿಸಿ ಹಳೆಯ ಹೆಸರಿನ ಜೊತೆ ಹೊಸದನ್ನೂ ನಮೂದಿಸಬಹುದು ಎಂದಿದೆ. ಆದ್ದರಿಂದ ತಂದೆ ತಾಯಿ ಇಬ್ಬರ ಅಫಿಡವಿಟ್, ಶಾಲೆಯ ದೃಢೀಕರಣ ಪತ್ರ, ಆ ತೀರ್ಪಿನ ಪ್ರತಿ ಲಗತ್ತಿಸಿ ಮೊದಲು ನೋಂದಣಾಧಿಕಾರಿಗೇ ಅರ್ಜಿ ಕೊಡಿ. ಆಗದು ಎಂದರೆ ಬಾಯಿಮಾತಿಗೆ ಒಪ್ಪದೆ ಲಿಖಿತ ಹಿಂಬರಹ ಕೇಳಿ ಪಡೆಯಿರಿ. ಮುಂದೆ ದಾವೆಗೆ ಕಾರಣ ತೋರಿಸಲು ಈ ಹಾಳೆಯೇ ಬೇಕಾಗುತ್ತದೆ.

ದಾವೆಯಲ್ಲಿ ವಾದಿ ಮಗಳೇ. ನೀವು ಆಕೆಯ ಪರವಾಗಿ ವಾದಮಿತ್ರರಾಗಿ, ಅಂದರೆ ಅಪ್ರಾಪ್ತರ ಪರ ದಾವೆ ನಡೆಸುವವರಾಗಿ, ಸಹಿ ಮಾಡುತ್ತೀರಿ. ಕೇಳಬೇಕಾದ್ದು ಎರಡು: ಹೆಸರು ‘ಸಿಂಚನ’ ಎಂಬ ಘೋಷಣೆ, ಅದನ್ನು ನಮೂದಿಸುವಂತೆ ಆದೇಶ. ನೋಂದಣಾಧಿಕಾರಿಯನ್ನು ಪಕ್ಷಗಾರರನ್ನಾಗಿ ಮಾಡದೆ ತಂದ ಡಿಕ್ರಿ (ದಾವೆಯಲ್ಲಿ ಕೋರ್ಟ್ ಕೊಡುವ ತೀರ್ಮಾನದ ಆದೇಶ) ಅವರ ಮೇಜಿನ ಮೇಲೆ ನಿಲ್ಲುವುದಿಲ್ಲ. ಶಾಲೆಯಲ್ಲಿ ಬೇಕಾದ ಹೆಸರೇ ಇರುವುದರಿಂದ ಮುಖ್ಯೋಪಾಧ್ಯಾಯರನ್ನು ಎಳೆಯುವ ಅಗತ್ಯವಿಲ್ಲ. ಪ್ರತಿವಾದಿ ಸರ್ಕಾರಿ ಅಧಿಕಾರಿಯಾದ ಕಾರಣ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು; ತುರ್ತಿದ್ದರೆ 80(2)ರಡಿ ಕೋರ್ಟ್‌ನ ಅನುಮತಿ ಕೇಳಬಹುದು. ಎದುರು ಪಕ್ಷ ಹಾಜರಾಗದಿದ್ದರೂ ನೀವು ಸಾಕ್ಷ್ಯ ನುಡಿದು, ದಾಖಲೆಗಳನ್ನು ಕೋರ್ಟ್‌ನಲ್ಲಿ ಸಾಕ್ಷ್ಯವಾಗಿ ಗುರುತು ಮಾಡಿಸಲೇಬೇಕು.

ಹೆಚ್ಚಿನವರು ಎಡವುವುದು ವಾದಪತ್ರದ ಪ್ರಾರ್ಥನೆಯ ಸಾಲಿನಲ್ಲಿ, ಅಂದರೆ ಕೋರ್ಟ್‌ನಿಂದ ಏನು ಬೇಕೆಂದು ಕೇಳುವ ಕಡೆ. ಹೆಸರನ್ನು ಕನ್ನಡದಲ್ಲಷ್ಟೇ ಬರೆದರೆ ಡಿಕ್ರಿಯಲ್ಲೂ ಅಷ್ಟೇ ಬರುತ್ತದೆ. ಪ್ರಮಾಣಪತ್ರದ ಇಂಗ್ಲಿಷ್ ಭಾಗದಲ್ಲಿ ‘ಸಿಂಚನ’ದ ಕೊನೆಗೆ ಒಂದು ‘ಎ’ಯೋ ಎರಡೋ ಎಂಬುದು ಟೈಪ್ ಮಾಡುವವರ ಊಹೆಗೆ ಬಿಟ್ಟಂತೆ. ಎರಡೂ ಲಿಪಿಯಲ್ಲಿ, ಇನಿಷಿಯಲ್ ಬಿಡಿಸಿ, ಶಾಲಾ ದಾಖಲೆಯಲ್ಲಿ ಇರುವ ಹಾಗೆಯೇ ಬರೆಸಿ.

ಡಿಕ್ರಿಯ ದೃಢೀಕೃತ ನಕಲು ಕೊಟ್ಟ ಮೇಲೂ ಹಳೆಯ ಹೆಸರು ಅಳಿಸಿಹೋಗುವುದಿಲ್ಲ, ರಿಜಿಸ್ಟರಿನ ಅಂಚಿನಲ್ಲಿ ಹೊಸದು ಸೇರುತ್ತದೆ. ಪತ್ರಿಕಾ ಜಾಹೀರಾತು ಈ ರಿಜಿಸ್ಟರನ್ನು ತಿದ್ದದು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಅವಕಾಶ ಮಾತ್ರ, ಹಾಗಾಗಿ ಹೊಸ ಪ್ರಮಾಣಪತ್ರ ಕೈಗೆ ಬಂದ ನಂತರವೇ ಆ ಕೇಂದ್ರಕ್ಕೆ ಹೋಗಿ.